ಕಿರುಚಿತ್ರದಲ್ಲಿ ಕೊಲೆಯ ದೃಶ್ಯ: ಎಷ್ಟು ತೋರಿಸಬೇಕು, ಎಲ್ಲಿ ಕಟ್ ಮಾಡಬೇಕು?

'ತೋಟದ ದಾರಿ' ಎಂಬ ಅಡ್ಡಹೆಸರಿನವರು ಕೇಳಿದ್ದು (ಉತ್ತರಿಸಿದವರದ್ದೂ ಅಡ್ಡಹೆಸರುಗಳೇ):

18 ನಿಮಿಷದ ಕಿರುಚಿತ್ರ. ಮಲೆನಾಡಿನ ಅಡಿಕೆ ತೋಟದ ಮನೆ, ಅಣ್ಣ-ತಮ್ಮಂದಿರ ಹಿಸ್ಸೆ ಜಗಳ. 12ನೇ ನಿಮಿಷದ ಹೊತ್ತಿಗೆ ತಮ್ಮ ಹಿತ್ತಲಲ್ಲಿ ಅಣ್ಣನನ್ನು ಕತ್ತಿಯಿಂದ ಕಡಿಯುತ್ತಾನೆ. ಅಣ್ಣನ ಎಂಟು ವರ್ಷದ ಮಗಳು ಅಡುಗೆಮನೆ ಕಿಟಕಿಯಿಂದ ಅದನ್ನು ನೋಡುತ್ತಾಳೆ. ತಮ್ಮ ರೌಡಿಯಲ್ಲ. ಬೆಳಿಗ್ಗೆ ದೇವರ ಪೂಜೆ ಮಾಡಿ, ಸೊಸೈಟಿಗೆ ಹೋಗಿ ಬರುವ ಸಾಧಾರಣ ಮನುಷ್ಯ. ಇಂಥವನೊಳಗೆ ಇದು ಎಲ್ಲಿ ಅಡಗಿತ್ತು ಅನ್ನುವುದೇ ಚಿತ್ರದ ವಿಷಯ.

ಕೊಲೆಗೆ 22 ಶಾಟ್ ಇಟ್ಟಿದ್ದೇವೆ. ಸ್ಲೋ ಮೋಷನ್, ಗೋಡೆಗೆ ಸಿಡಿಯುವ ರಕ್ತ ಎಲ್ಲವೂ ಇದೆ. ಟೆಸ್ಟ್ ಶೂಟ್ ಮಾಡಿ ಜೋಡಿಸಿ ನೋಡಿದರೆ ಮಾಸ್ ಸಿನಿಮಾದ ಫೈಟಿನ ಹಾಗೆ ಕಾಣುತ್ತಿದೆ. ಯಾರಿಗೂ ಹೊಟ್ಟೆ ತೊಳಸುತ್ತಿಲ್ಲ.

ಕೇಳಬೇಕಾಗಿರುವುದು ಇಷ್ಟು. ಕೊಲೆಯನ್ನು ತೋರಿಸಬೇಕೋ, ಮರೆಯಲ್ಲಿಡಬೇಕೋ? ಯಾವ ಚಿತ್ರಗಳನ್ನು ನೋಡಿ ಕಲಿಯಬಹುದು? ರಕ್ತ, ಕತ್ತಿ ಹೇಗೆ ಮಾಡಿಕೊಳ್ಳುವುದು? ಮನೆಯೊಳಗೆ ಕಾವಿ ನೆಲ, ಹಿತ್ತಲು ಸೆಗಣಿ ಸಾರಿಸಿದ್ದು. ನಮ್ಮ ಹತ್ತಿರ ಇರುವುದು ಒಂದು ಮಿರರ್‌ಲೆಸ್ ಕ್ಯಾಮೆರಾ, 35 ಮತ್ತು 85 ಮಿ.ಮೀ. ಲೆನ್ಸ್, ಎರಡು ಎಲ್‌ಇಡಿ ಪ್ಯಾನೆಲ್. ಒಂದೆರಡು ಕಡೆ ಥಿಯೇಟರಿನಲ್ಲಿ ತೋರಿಸಿ ಆಮೇಲೆ ಯೂಟ್ಯೂಬಿಗೆ ಹಾಕುವ ಯೋಚನೆ. ಸೆನ್ಸಾರ್ ಬೇಕಾ?

---

ಮೂರನೇ ಸಾಲು ಬರೆದದ್ದು:

ತೊಂದರೆ ಇರುವುದು ಆ 22 ಶಾಟ್‌ನಲ್ಲೇ. ಕತ್ತಿ ಎತ್ತಿದ್ದು ಒಂದು ಶಾಟ್, ಬೀಸಿದ್ದು ಇನ್ನೊಂದು, ಏಟು ಬಿದ್ದವನ ಮುಖ ಮತ್ತೊಂದು. ಹೀಗೆ ಮಾಡಿದರೆ ಕೊಲ್ಲುವ ಕೆಲಸವನ್ನೆಲ್ಲ ಎಡಿಟಿಂಗೇ ಮಾಡಿ ಮುಗಿಸುತ್ತದೆ, ನಿಮ್ಮ ತಮ್ಮನ ಮೈಗೆ ಕೆಲಸವೇ ಉಳಿಯುವುದಿಲ್ಲ. ಮನುಷ್ಯನನ್ನು ಕೊಲ್ಲುವುದು ಕಷ್ಟದ, ಕೊಳಕಾದ, ಸಮಯ ಹಿಡಿಯುವ ಕೆಲಸ. ಆ ಕಷ್ಟ ಕಂಡರೆ ಮಾತ್ರ ಅವನು ನಡುವೆ ಎಷ್ಟೋ ಸಲ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ ಅನ್ನುವುದೂ ಕಾಣುತ್ತದೆ. ಮನುಷ್ಯನ ಕತ್ತಲೆ ಅಂತೀವಲ್ಲ, ನನ್ನ ಮಟ್ಟಿಗೆ ಅದು ಇರುವುದು ಅಲ್ಲೇ.

ಮೊದಲು ಹಿಚ್‌ಕಾಕ್‌ನ 'ಟಾರ್ನ್ ಕರ್ಟನ್' (1966) ತೆಗೆದು ತೋಟದ ಮನೆಯ ದೃಶ್ಯ ನೋಡಿ. ಚಿತ್ರ ಒಟ್ಟಾರೆ ಸಾಧಾರಣ, ಆ ದೃಶ್ಯ ಮಾತ್ರ ಪಾಠ. ಹೊರಗೆ ಟ್ಯಾಕ್ಸಿಯವನು ನಿಂತಿದ್ದಾನೆ, ಹಾಗಾಗಿ ಗುಂಡು ಹಾರಿಸುವಂತಿಲ್ಲ, ಸದ್ದು ಮಾಡುವಂತಿಲ್ಲ. ನಾಯಕ ಕತ್ತು ಹಿಸುಕುತ್ತಾನೆ, ಆಗುವುದಿಲ್ಲ. ಮನೆಯಾಕೆ ಚಾಕು ಹಾಕುತ್ತಾಳೆ, ಅಲಗು ಒಳಗೇ ಮುರಿಯುತ್ತದೆ. ಸಲಿಕೆಯಿಂದ ಕಾಲಿಗೆ ಹೊಡೆಯುತ್ತಾಳೆ. ಕೊನೆಗೆ ಇಬ್ಬರೂ ಸೇರಿ ಎಳೆದುಕೊಂಡು ಹೋಗಿ ಗ್ಯಾಸ್ ಒಲೆಯೊಳಗೆ ತಲೆ ತುರುಕುತ್ತಾರೆ. ಸಾಯುವವನ ಬೆರಳುಗಳು ಅಲ್ಲಾಡುತ್ತಾ ನಿಧಾನವಾಗಿ ನಿಲ್ಲುವುದನ್ನು ಕ್ಯಾಮೆರಾ ನೋಡುತ್ತಾ ಇರುತ್ತದೆ. ಸಂಗೀತ ಇಲ್ಲವೇ ಇಲ್ಲ. ನಾಯಕನಾಗಿರುವುದು ಪಾಲ್ ನ್ಯೂಮನ್, ಅಂದರೆ ನಾವು ಯಾರ ಪರ ಇದ್ದೇವೋ ಅವನೇ ಇದನ್ನೆಲ್ಲ ಮಾಡುತ್ತಿದ್ದಾನೆ ಅನ್ನುವುದನ್ನು ಮರೆಯಬೇಡಿ.

ಎರಡನೆಯದು ಪೋಲೆಂಡಿನ ಕಿಶ್ಲೋವ್‌ಸ್ಕಿಯ 'ಎ ಶಾರ್ಟ್ ಫಿಲ್ಮ್ ಅಬೌಟ್ ಕಿಲ್ಲಿಂಗ್' (1988). ಒಬ್ಬ ಹುಡುಗ ಟ್ಯಾಕ್ಸಿ ಡ್ರೈವರನನ್ನು ಕೊಲ್ಲುವುದಕ್ಕೇ ಸುಮಾರು ಏಳು ನಿಮಿಷ ಹಿಡಿಯುತ್ತದೆ. ಹಗ್ಗ ಬಿಗಿಯುವಾಗ ಡ್ರೈವರನ ಕೈ ನಡುವೆ ಸಿಕ್ಕಿಕೊಳ್ಳುತ್ತದೆ, ಒದ್ದಾಟದಲ್ಲಿ ಕಾಲಿನ ಬೂಟು ಕಳಚುತ್ತದೆ. ಹುಡುಗನಿಗೆ ಮುಖ ನೋಡಲಾಗದೆ ಕಂಬಳಿ ಮುಚ್ಚಿ ಕಲ್ಲಿನಿಂದ ಹೊಡೆಯುತ್ತಾನೆ. ಆಮೇಲೆ ಅದೇ ಹುಡುಗನನ್ನು ಸರ್ಕಾರ ಗಲ್ಲಿಗೆ ಹಾಕುವುದನ್ನೂ ಅಷ್ಟೇ ತಣ್ಣಗೆ ತೋರಿಸುತ್ತಾನೆ. ಕುಣಿಕೆಯ ಗಟ್ಟಿತನ ಪರೀಕ್ಷಿಸುವುದು, ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಡುವುದು, ಎಲ್ಲ. ಛಾಯಾಗ್ರಾಹಕ ಇದ್ಜಿಯಾಕ್ ಹಸಿರು ಫಿಲ್ಟರ್ ಹಾಕಿ ಚೌಕಟ್ಟಿನ ಅಂಚುಗಳನ್ನು ಕಪ್ಪು ಮಾಡಿಟ್ಟಿದ್ದಾನೆ. ಅದನ್ನು ಮಾತ್ರ ನಕಲು ಮಾಡಲು ಹೋಗಬೇಡಿ, ಮಲೆನಾಡಿನ ಹಸಿರಿನ ಮೇಲೆ ಅದು ಪಾಚಿ ಹಿಡಿದ ಹಾಗೆ ಕಾಣುತ್ತದೆ.

'ರಶೋಮನ್' (1950) ಹೇಗೂ ನೋಡಿರುತ್ತೀರಿ, ಒಂದೇ ಸಾವನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುವ ಚಿತ್ರ. ಇನ್ನೊಮ್ಮೆ ಎರಡು ಕತ್ತಿಕಾಳಗಗಳನ್ನಷ್ಟೇ ಅಕ್ಕಪಕ್ಕ ಇಟ್ಟು ನೋಡಿ. ದರೋಡೆಕೋರ ತಾನೇ ಹೇಳುವಾಗ 23 ಸಲ ಕತ್ತಿ ತಾಗಿಸಿದೆವು ಅಂತ ಜಂಬ ಕೊಚ್ಚುತ್ತಾನೆ. ಸೌದೆ ಕಡಿಯುವವನ ಕಣ್ಣಿನಲ್ಲಿ ಅದೇ ಕಾಳಗದಲ್ಲಿ ಇಬ್ಬರ ಕೈಯೂ ನಡುಗುತ್ತಿದೆ, ಏದುಸಿರು ಬಿಡುತ್ತಾ ಮಣ್ಣಿನಲ್ಲಿ ಬಿದ್ದು ಎದ್ದು ತೆವಳುತ್ತಿದ್ದಾರೆ. ನಿಮ್ಮ ಈಗಿನ 22 ಶಾಟ್ ದರೋಡೆಕೋರನ ಆವೃತ್ತಿ.

ಮಾಡಬೇಕಾದ್ದು: ಮೊದಲ ಏಟಿನಿಂದ ಕೊನೆಯ ಉಸಿರಿನ ತನಕ ಎರಡೂವರೆಯಿಂದ ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು ಶಾಟ್. ಮೊದಲ ಏಟು ಸರಿಯಾಗಿ ಬೀಳಬಾರದು, ಭುಜಕ್ಕೋ ತೋಳಿಗೋ ಬೀಳಲಿ. ಅದಾದ ಮೇಲೆ ಹತ್ತು-ಹನ್ನೆರಡು ಸೆಕೆಂಡು ಇಬ್ಬರೂ ಏನು ಮಾಡಬೇಕೆಂದು ತೋಚದೆ ನಿಲ್ಲಲಿ. ಅಣ್ಣ ಬೈಯುವ ಬದಲು ಮನೆಯಲ್ಲಿ ತಮ್ಮನನ್ನು ಕರೆಯುವ ಹೆಸರಿನಿಂದ ಕರೆಯಲಿ. ಎರಡನೇ ಏಟು ಬೀಳುವುದು ಅದರ ಮೇಲೆ. ಆ ಎರಡನೆಯದೇ ನಿಮ್ಮ ಚಿತ್ರ. ಗಾಯವನ್ನು ತೋರಿಸುವ ಅಗತ್ಯ ನನಗಂತೂ ಕಾಣುವುದಿಲ್ಲ, ದುಡಿಮೆಯನ್ನು ತೋರಿಸಿ.

ಇನ್ನೊಂದು. ಕೊಲೆ ಮುಗಿದ ತಕ್ಷಣ ಪೊಲೀಸ್ ಜೀಪಿಗೆ ಕಟ್ ಮಾಡಬೇಡಿ. 'ಸೈಕೋ' (1960) ಅಂದರೆ ಎಲ್ಲರೂ ಸ್ನಾನದ ಮನೆಯ ಚಾಕು ದೃಶ್ಯವನ್ನೇ ಹೇಳುತ್ತಾರೆ. ಅದರ ನಂತರದ್ದು ಅದಕ್ಕಿಂತ ಕೇಡಿನದು. ಮೋಟೆಲ್ ನಡೆಸುವ ನಾರ್ಮನ್ ಬಕೆಟ್ಟು, ಮಾಪು ತಂದು ನೆಲ ತೊಳೆಯುತ್ತಾನೆ, ಪರದೆಯಲ್ಲಿ ಹೆಣ ಸುತ್ತುತ್ತಾನೆ, ಡಿಕ್ಕಿಗೆ ಹಾಕುತ್ತಾನೆ, ಕಾರನ್ನು ಜವುಗಿಗೆ ತಳ್ಳುತ್ತಾನೆ. ಬಹಳ ಹೊತ್ತು ಮಾತೇ ಇಲ್ಲ. ಕಾರು ಮುಳುಗುತ್ತಾ ಮುಳುಗುತ್ತಾ ಒಂದು ಕ್ಷಣ ನಿಲ್ಲುತ್ತದೆ. ಆಗ ನೋಡುವವನ ಎದೆಯೂ ಧಸಕ್ಕೆನ್ನುತ್ತದೆ, ಪೂರ್ತಿ ಮುಳುಗಿದರೆ ಸಾಕಪ್ಪ ಅಂತ. ನೋಡುತ್ತಾ ಕೂತವನೇ ಕೊಲೆ ಮುಚ್ಚುವವನ ಕಡೆಗೆ ವಾಲಿಬಿಟ್ಟಿರುತ್ತಾನೆ. ನಿಮ್ಮಲ್ಲಿ ಬಚ್ಚಲುಮನೆ ಇದೆ, ಹಂಡೆ ಇದೆ, ಒಲೆ ಇದೆ. ತಮ್ಮ ಒಲೆಗೆ ಸೋಗೆ ತುರುಕಿ ನೀರು ಕಾಯಿಸಲಿ.

---

ಬಣ್ಣದ ಡಬ್ಬಿ ಬರೆದದ್ದು:

ನಾನು ರಕ್ತ, ಕತ್ತಿ ವಿಚಾರ ಮಾತ್ರ ಹೇಳ್ತೀನಿ.

ಕಾವಿ ನೆಲದ ಮೇಲೆ ರಕ್ತ ಕಾಣಲ್ಲ, ಮರೆತುಬಿಡಿ. ಒದ್ದೆಯಾದ ಹಾಗೆ ಹೊಳೆಯುತ್ತೆ ಅಷ್ಟೆ. ಸೆಗಣಿ ಸಾರಿಸಿದ ಹಿತ್ತಲಲ್ಲಿ ಒಂದೇ ನಿಮಿಷದಲ್ಲಿ ಹೀರಿಕೊಂಡು ಕಪ್ಪು ಕಲೆ ಆಗುತ್ತೆ, ಮುಂದಿನ ಟೇಕ್‌ಗೆ ಒಂದು ಮೀಟರ್ ಪಕ್ಕಕ್ಕೆ ಜರುಗಬೇಕಾಗುತ್ತೆ. ಹಾಗಾಗಿ ರಕ್ತ ಬಟ್ಟೆ ಮೇಲೆ ಇರಲಿ. ಅಣ್ಣನಿಗೆ ಬಿಳಿ ಪಂಚೆ, ತಿಳಿ ಬಣ್ಣದ ಅಂಗಿ. ಒಂದೇ ಥರದ್ದು ಕಡಿಮೆಯೆಂದರೆ ಮೂರು ಜೊತೆ ಇಟ್ಟುಕೊಳ್ಳಿ. ಮೂರನ್ನೂ ಮೊದಲೇ ಎರಡು ಸಲ ಒಗೆದಿಡಿ, ಹೊಸ ಬಟ್ಟೆಯ ಗಂಜಿ ರಕ್ತವನ್ನು ಹೀರದೆ ಜಾರಿಸಿಬಿಡುತ್ತೆ.

ಅಳತೆ: ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ 200 ಮಿಲಿ, ಬಿಸಿನೀರು 50 ಮಿಲಿ, ಕೆಂಪು ಜೆಲ್ ಫುಡ್ ಕಲರ್ ಎರಡು ಟೀ ಚಮಚ, ಕೋಕೋ ಪುಡಿ ಒಂದು ಚಮಚ, ನೀಲಿ ಬಣ್ಣ ಒಂದೋ ಎರಡೋ ಹನಿ. ಕೋಕೋವನ್ನು ಬಿಸಿನೀರಿನಲ್ಲಿ ಮೊದಲೇ ಕದಡಿಕೊಳ್ಳಿ, ನೇರ ಹಾಕಿದರೆ ಗಂಟು ಕಟ್ಟುತ್ತೆ, ಕ್ಲೋಸಪ್‌ನಲ್ಲಿ ಮಣ್ಣಿನ ಹಾಗೆ ಕಾಣುತ್ತೆ. ನೀಲಿ ಹಾಕದಿದ್ದರೆ ಟೊಮೇಟೊ ಸಾಸು. ಹೆಚ್ಚಾದರೆ ಜಂಬುನೇರಳೆ ರಸ. ಈ ದೃಶ್ಯಕ್ಕೆ ಒಂದು ಟೇಕ್‌ಗೆ 300 ಮಿಲಿ ಧಾರಾಳ.

ಒಣಗಿದ ರಕ್ತ ಬೇರೆ ಮಾಡಬೇಕು. ನಿಜವಾದ ರಕ್ತ ಹತ್ತು ನಿಮಿಷದೊಳಗೆ ಹೆಪ್ಪುಗಟ್ಟಿ ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ, ಗ್ಲೂಕೋಸ್ ರಕ್ತ ಸಂಜೆವರೆಗೂ ಕೆಂಪಾಗಿಯೇ ಹೊಳೀತಿರುತ್ತೆ. ಬಚ್ಚಲುಮನೆ ದೃಶ್ಯಕ್ಕೆ ಅದೇ ಮಿಶ್ರಣಕ್ಕೆ ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಸೇರಿಸಿ, ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿ. ಉಗುರಿನ ಸಂದಿಗೆ ಕಡ್ಡಿಯಿಂದ ಹಾಕಿ. ಅಷ್ಟು ಚಿಕ್ಕದು ಗೋಡೆಗೆ ಸಿಡಿದಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತೆ.

ಕಲೆ ಹತ್ತದಿರಲಿ ಅಂತ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಹಚ್ಚಿದರೆ ರಕ್ತ ಹರಡದೆ ತಾವರೆ ಎಲೆ ಮೇಲಿನ ನೀರಿನ ಹಾಗೆ ಮಣಿಗಟ್ಟಿ ಉರುಳುತ್ತೆ. ಅದಕ್ಕೆ 200 ಮಿಲಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿದರೆ ಹರಡುತ್ತೆ. ಅಂಥದ್ದನ್ನು ಬಾಯಿಗೆ, ಕಣ್ಣಿನ ಹತ್ತಿರಕ್ಕೆ ಬಿಡಲೇಬೇಡಿ, ಬಾಯಿಗೆ ಬೇರೆ ಬಾಟಲಿ ಇಡಿ, ಮೇಲೆ ಚೀಟಿ ಅಂಟಿಸಿ. ಹಾಲಿವುಡ್‌ನ ಮೇಕಪ್ ಕಲಾವಿದ ಡಿಕ್ ಸ್ಮಿತ್ ಅವರ ಪ್ರಸಿದ್ಧ ಮಿಶ್ರಣದಲ್ಲಿ ಇದೇ ಕಾರಣಕ್ಕೆ ಕೊಡಾಕ್‌ನ ಫೋಟೊ-ಫ್ಲೋ (ಫಿಲ್ಮ್ ತೊಳೆಯುವಾಗ ಬಳಸುವ ದ್ರವ) ಇತ್ತು, ಅದು ವಿಷ, ಹಳೇ ರೆಸಿಪಿ ನೋಡಿ ಹಾಗೇ ಮಾಡಬೇಡಿ. ಇರುವೆ ಬರುತ್ತೆ, ತೋಟದ ಮನೆಯಲ್ಲಂತೂ ಐದೇ ನಿಮಿಷ. ಹೆಣವಾಗಿ ಮಲಗಿದವರನ್ನು ಕಡೇ ಕ್ಷಣದಲ್ಲಿ ಮಲಗಿಸಿ.

ಬಣ್ಣವನ್ನು ಕಣ್ಣಲ್ಲಿ ನೋಡಿ ತೀರ್ಮಾನಿಸಬೇಡಿ, ಅದೇ ಎಲ್‌ಇಡಿ ಕೆಳಗೆ ಅದೇ ಕ್ಯಾಮೆರಾದಲ್ಲಿ ನೋಡಿ. ಸೋವಿ ಪ್ಯಾನೆಲ್ ಕೆಳಗೆ ಕೆಂಪು ಮಂಕಾಗಿ ಇಟ್ಟಿಗೆ ಬಣ್ಣ ಆಗುತ್ತೆ. ಬೆಳದಿಂಗಳು ಅಂತ ಲೈಟಿನ ಮುಂದೆ ನೀಲಿ ಜೆಲ್ ಹಾಳೆ ಹಾಕಿದರೆ ಪೂರ್ತಿ ಕಪ್ಪು.

ಕತ್ತಿ: ಕಬ್ಬಿಣದ್ದು ಮನುಷ್ಯರಿರುವ ಫ್ರೇಮಿಗೆ ಬರಲೇಬಾರದು, ಮೊಂಡಾಗಿದ್ದರೂ ಸರಿ. ಬೀಸುವುದಕ್ಕೆ 10 ಮಿ.ಮೀ. ಇವಿಎ ಫೋಮ್ ಶೀಟ್ ಕತ್ತರಿಸಿ ಬಣ್ಣ ಬಳಿಯಿರಿ. ಫೋಮ್ ಹಗುರ, ನಟ ಬೀಸಿದರೆ ಬೀಸಣಿಗೆ ಬೀಸಿದ ಹಾಗಿರುತ್ತೆ. ಹಿಡಿಯೊಳಗೆ 250 ಗ್ರಾಂ ತೂಕದ ಕಬ್ಬಿಣದ ತುಂಡು ಸೇರಿಸಿ, ಅಲಗಿಗೆ ಏನೂ ಸೇರಿಸಬೇಡಿ. 85 ಮಿ.ಮೀ. ಹಾಕಿ ಕ್ಯಾಮೆರಾವನ್ನು ನಾಲ್ಕೈದು ಮೀಟರ್ ಹಿಂದಕ್ಕಿಡಿ, ಏಟು ಲೆನ್ಸಿನ ನೇರಕ್ಕೇ ಬೀಳಲಿ. ಇಬ್ಬರ ನಡುವೆ 75 ಸೆಂ.ಮೀ. ಜಾಗ ಇದ್ದರೂ ಕಾಣಲ್ಲ. ಅದೇ ಏಟನ್ನು 35ರಲ್ಲಿ ಪಕ್ಕದಿಂದ ತೆಗೆದರೆ ಸುಳ್ಳು ಗೊತ್ತಾಗುತ್ತೆ. ತಾಲೀಮು ಕಾಲು ವೇಗದಲ್ಲಿ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. 'ಕಟ್' ಅನ್ನೋ ಹಕ್ಕು ಸೆಟ್‌ನಲ್ಲಿ ಇರುವ ಎಲ್ಲರಿಗೂ ಇರಲಿ, ಲೈಟ್‌ಬಾಯ್‌ಗೂ.

---

ತೋಟದ ದಾರಿ ಬರೆದದ್ದು:

ಇಬ್ಬರಿಗೂ ಧನ್ಯವಾದ. ಉದ್ದ ಶಾಟ್ ಇಟ್ಟರೆ ಜೀವ ಇಲ್ಲದ ಹಾಗೆ ಕಾಣಬಹುದಲ್ಲ ಅನ್ನುವ ಭಯ ಇದೆ. 'ಸೇವಿಂಗ್ ಪ್ರೈವೇಟ್ ರಯಾನ್' ಥರ ಶಟರ್ ಕಿರಿದು ಮಾಡಿ ಹ್ಯಾಂಡ್‌ಹೆಲ್ಡ್ ತೆಗೆದರೆ?

---

ಬಣ್ಣದ ಡಬ್ಬಿ ಬರೆದದ್ದು:

ಅವರು 45 ಮತ್ತು 90 ಡಿಗ್ರಿ ಶಟರ್‌ನಲ್ಲಿ (ಡಿಗ್ರಿ ಕಡಿಮೆಯಾದಷ್ಟೂ ಶಟರ್ ತೆರೆದಿರುವ ಹೊತ್ತು ಕಡಿಮೆ) ತೆಗೆದದ್ದು ಹೆಚ್ಚಾಗಿ ಬಯಲಿನ ಹಗಲು ಬೆಳಕಿನಲ್ಲಿ. ನೀವು ಸೆಕೆಂಡಿಗೆ 25 ಫ್ರೇಮ್‌ನಲ್ಲಿ 45 ಡಿಗ್ರಿ ಇಟ್ಟರೆ 1/200 ಸೆಕೆಂಡ್ ಆಗುತ್ತೆ. ನಮ್ಮ ಕರೆಂಟು 50 ಹರ್ಟ್ಸ್, ಸೋವಿ ಎಲ್‌ಇಡಿ ಅದರಲ್ಲಿ ಮಿಣುಕಿ ಚಿತ್ರದ ಮೇಲೆ ಪಟ್ಟೆ ಓಡುತ್ತೆ. 1/50 ಅಥವಾ 1/100, ಇವೆರಡೇ ಕ್ಷೇಮ. ಕೊಲೆಗೆ 1/50, ಸ್ಟ್ಯಾಂಡ್ ಮೇಲೆ. ಅವನು ಬಚ್ಚಲುಮನೆಗೆ ನಡೆದು ಹೋಗುವಾಗ ಬೇಕಿದ್ದರೆ ಕೈಯಲ್ಲಿ ಹಿಡೀರಿ.

---

ತಂಬೂರಿ ತಂತಿ ಬರೆದದ್ದು:

ಸಪ್ಪಳದ ಬಗ್ಗೆ ಯಾರೂ ಮಾತಾಡವಲ್ರಿ, ಹಂಗಾಗಿ ನಾ ಬರೀತೇನಿ.

ಮೊದಲ ಆ 'ಸುಯ್ಯ್' ಅನ್ನೂ ಲೈಬ್ರರಿ ಸಪ್ಪಳ ತಗೀರಿ. ಕತ್ತಿ ಬೀಸಿದ್ರ ಗಾಳ್ಯಾಗ ಅಷ್ಟು ಸಪ್ಪಳ ಆಗೂದಿಲ್ಲ. ಅದು ಕಿವೀಗೆ ಬಿದ್ದ ಕೂಡ್ಲೆ ನೋಡಾವ್ಗ 'ಓ, ಫೈಟು' ಅಂತ ತಿಳೀತದ, ಆರಾಮ ಹಿಂದಕ್ಕ ಒರಗಿ ಕುಂಡ್ರತಾನ. ನಿಮ್ಮ ದೃಶ್ಯ ಅಲ್ಲೇ ಸತ್ತಂಗ.

'ಸೈಕೋ'ದಾಗ ಚಾಕು ಹೊಕ್ಕೂ ಸಪ್ಪಳಕ್ಕ ಕಸಾಬಾ ಅನ್ನೂ ಜಾತಿ ಖರ್ಬೂಜಕ್ಕ ಚುಚ್ಚಿದ್ರು. ನಿಮ್ಮ ಕಡೆ ಅದಕ್ಕಿಂತ ಚಲೋದು ಅದ, ಬಾಳಿದಿಂಡು. ಹಸೀ ದಿಂಡು ಒಂದು ಮೊಳ ತಗೊಂಡು ಒದ್ದಿ ಗೋಣಿಚೀಲ ಸುತ್ತಿ ಕಡೀರಿ. ಗೋಣಿ ಇಲ್ಲದ ಕಡದ್ರ ಕಾಯಿಪಲ್ಯಾ ಹೆಚ್ಚಿದಂಗ ಕೇಳಿಸ್ತದ. ಮೈಕು ಒಂದೂವರೆ ಫೂಟು ದೂರ ಇರ್ಲಿ, ಸನೇಕ ಇಟ್ರ ಬರೇ 'ಟಪ್' ಅಂತದ, ಹಸೀತನ ಬರೂದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್. ಹತ್ತು ಸರ್ತಿ ಕಡದು ಅದ್ರಾಗ ಎಲ್ಲಾಕ್ಕಿಂತ ಸಣ್ಣ ಸಪ್ಪಳ ಆರಿಸ್ರಿ. ಹೌದ್ರಿ, ಸಣ್ಣದು. ಅದ್ರ ಮ್ಯಾಲೆ ಅಂಗಿ ಬಟ್ಟೆ ತಿಕ್ಕಾಡೂ ಸಪ್ಪಳ, ಆಮ್ಯಾಲೆ ತಮ್ಮನ ಉಸಿರು. ಮೂರೂ ಬ್ಯಾರೆ ಬ್ಯಾರೆ ಟ್ರ್ಯಾಕ್. ಮಿಕ್ಸಿಂಗಿನ್ಯಾಗ ಉಸಿರು ಎಲ್ಲಾದ್ರ ಮ್ಯಾಲೆ ಇರಬೇಕು, ಏಟಿಗಿಂತ್ಲೂ ಮ್ಯಾಲೆ.

ಆ ಹಿತ್ತಲದಾಗ ಯಾರೂ ಮಾತಾಡದಂಗ ಎರಡು ನಿಮಿಷ ರೂಂ ಟೋನ್, ಅಂದ್ರ ಆ ಜಾಗದ ಬರೇ ಸಪ್ಪಳ, ಹಿಡಕೊಂಡು ಬರ್ರಿ, ಶೂಟ್ ಮಾಡಿದ ಅದ ಹೊತ್ತಿನ್ಯಾಗ. ಮಲೆನಾಡಾಗ ಜೀರುಂಡಿ ಸಂಜಿಗೆ ಬ್ಯಾರೆ, ಮಧ್ಯಾಹ್ನಕ್ಕ ಬ್ಯಾರೆ. ಏಟು ಬಿದ್ದ ಕೂಡ್ಲೆ ಜೀರುಂಡಿ ಬಂದ್ ಮಾಡೂ ಚಟ ಕೆಲವ್ರಿಗೆ ಅದ. ಮಾಡಬ್ಯಾಡ್ರಿ. ಅವಕ್ಕೇನು ಗೊತ್ತು, ಹಂಗ ಒದರಕೋತ ಇರ್ಲಿ.

'ಇರ್ರಿವರ್ಸಿಬಲ್' (2002) ಚಿತ್ರದಾಗ 30 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಇಟ್ಟು ಮಂದೀಗೆ ವಾಂತಿ ಬರೂಹಂಗ ಮಾಡಿದ್ರು ಅಂತ ಕೇಳಿ ಹುಡುಗ್ರು ಅದನ್ನ ಹಾಕಾಕ ಹೋಗ್ತಾರ. ಥಿಯೇಟರಿನ್ಯಾಗ ಸಬ್‌ವೂಫರ್ ಇದ್ರ ಆತು, ಮೊಬೈಲ್ ಸ್ಪೀಕರಿನ್ಯಾಗ ಅದು ಕೇಳಸೂದೇ ಇಲ್ಲ. ನಿಮ್ಮ ಮಂದಿ ಹೆಚ್ಚಾಗಿ ಮೊಬೈಲಿನ್ಯಾಗ ನೋಡ್ತಾರ.

---

ಕತ್ತಲ ಹಾಲ್ ಬರೆದದ್ದು:

ಮೂರನೇ ಸಾಲು ಅವರ ಮಾತಿಗೆ ನನ್ನ ಒಪ್ಪಿಗೆ ಅರ್ಧ. ಕೊಲೆಯ ದುಡಿಮೆ ತೋರಿಸಿ ಅನ್ನುವುದೂ ಅಪಾಯವೇ. ಮೂರು ನಿಮಿಷದ ಶಾಟ್ ಚೆನ್ನಾಗಿ ಬಂದರೆ ಜನ "ಎಂಥಾ ಶಾಟ್ ಗುರೂ" ಅಂತಾರೆ. ಸತ್ತವನು ಅಲ್ಲಿಗೆ ಎರಡನೇ ಸಲ ಸತ್ತ.

ಆಸ್ಟ್ರಿಯಾದ ನಿರ್ದೇಶಕ ಹಾನೆಕೆಯ 'ಫನ್ನಿ ಗೇಮ್ಸ್' (1997) ನೋಡಿ. ಮಗುವನ್ನು ಕೊಲ್ಲುವಾಗ ಕ್ಯಾಮೆರಾ ಇರುವುದು ಅಡುಗೆಮನೆಯಲ್ಲಿ, ಹಂತಕರಲ್ಲೊಬ್ಬ ತಿನ್ನಲು ಏನೋ ಹುಡುಕುತ್ತಿರುತ್ತಾನೆ. ನಮಗೆ ಸದ್ದು ಮಾತ್ರ. ಆಮೇಲೆ ಕೋಣೆಯ ಒಂದೇ ಒಂದು, ಬಹುಮಟ್ಟಿಗೆ ಅಲುಗದ ಶಾಟ್, ಸುಮಾರು ಹತ್ತು ನಿಮಿಷ. ಟಿವಿಯ ಮೇಲೆ ರಕ್ತ, ಅದರಲ್ಲಿ ಕಾರ್ ರೇಸ್ ಓಡುತ್ತಲೇ ಇದೆ. ಕೈಕಾಲು ಕಟ್ಟಿಸಿಕೊಂಡ ತಾಯಿ ಮೊದಲು ಮಾಡುವ ಕೆಲಸ ಕುಪ್ಪಳಿಸಿಕೊಂಡು ಹೋಗಿ ಆ ಟಿವಿ ಆರಿಸುವುದು. ಹಿಂಸೆಯ ಮೋಜನ್ನು ನೋಡುವವನ ಬಾಯಿಂದ ಕಿತ್ತುಕೊಂಡು ಅದರ ಬೆಲೆಯನ್ನು ಮಾತ್ರ ಮುಂದಿಡುವುದು ಅಂದರೆ ಇದು.

ನಿಮಗೆ ಇದಕ್ಕಿಂತ ಹತ್ತಿರದ ಮಾದರಿ ನಮ್ಮಲ್ಲೇ ಇದೆ. ಕಾಸರವಳ್ಳಿಯವರ 'ಘಟಶ್ರಾದ್ಧ' (1977). ಕತ್ತಿಯಿಲ್ಲ, ಆದರೆ ಯಮುನಕ್ಕನಿಗೆ ಆಗುವುದು ಕೊಲೆಗಿಂತ ಕಡಿಮೆಯೇ? ಬದುಕಿರುವ ಮಗಳ ಶ್ರಾದ್ಧವನ್ನು ಅಪ್ಪನೇ ಮಾಡುತ್ತಾನೆ. ಅದನ್ನೆಲ್ಲ ನಾವು ನೋಡುವುದು ನಾಣಿ ಎಂಬ ಹುಡುಗನ ಅಳತೆಯಲ್ಲಿ, ಅವನಿಗೆ ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ. ನಿಮ್ಮ ಕಿಟಕಿಯ ಹುಡುಗಿಯನ್ನು ಬೆಚ್ಚಿಬೀಳುವ ರಿಯಾಕ್ಷನ್ ಶಾಟಿಗೆ ಬಳಸಿದರೆ ವ್ಯರ್ಥ. ಅವಳ ಎತ್ತರಕ್ಕೆ ಕ್ಯಾಮೆರಾ ಇಳಿಸಿ, ನೆಲದಿಂದ ಮೂರೂವರೆ ಅಡಿ. ಕಿಟಕಿಯ ಸರಳು, ಹಿತ್ತಲಿನ ಒಂದು ತುಂಡು, ಒಣಗಲು ಹಾಕಿದ ಸೀರೆ, ಅದರ ಕೆಳಗೆ ನಾಲ್ಕು ಕಾಲು. ಅವಳಿಗೆ ಕಾಣುವಷ್ಟೇ ನಮಗೂ ಕಾಣಲಿ.

ತಮ್ಮನ ಪಾತ್ರಧಾರಿಗೆ ಒಂದು ಸಾಕ್ಷ್ಯಚಿತ್ರ ತೋರಿಸಿ, 'ದಿ ಆ್ಯಕ್ಟ್ ಆಫ್ ಕಿಲ್ಲಿಂಗ್' (2012). ಇಂಡೊನೇಷ್ಯಾದಲ್ಲಿ 1965–66ರಲ್ಲಿ ನಡೆದ ಸಾಮೂಹಿಕ ಹತ್ಯೆಗಳಲ್ಲಿ ಕೊಂದವರೇ ತಾವು ಹೇಗೆ ಕೊಂದೆವು ಅಂತ ನಟಿಸಿ ತೋರಿಸುತ್ತಾರೆ. ಅನ್ವರ್ ಕಾಂಗೊ ಎಂಬಾತ ಮಹಡಿಯ ಮೇಲೆ ತಂತಿ ಬಿಗಿಯುವ ಕ್ರಮ ತೋರಿಸುತ್ತಾನೆ, ಹೊಡೆದರೆ ರಕ್ತ ಹೆಚ್ಚು, ನಾರುತ್ತದೆ, ಅದಕ್ಕೇ ತಂತಿ ಅಂತ ವಿವರಿಸುತ್ತಾನೆ, ಆಮೇಲೆ ಅಲ್ಲೇ ನಾಲ್ಕು ಹೆಜ್ಜೆ ಕುಣಿಯುತ್ತಾನೆ. ಮುಂದೆ ಆ ದೃಶ್ಯವನ್ನು ಅವನಿಗೇ ಹಾಕಿ ತೋರಿಸಿದಾಗ ಅವನ ಆಕ್ಷೇಪ ಏನು ಗೊತ್ತೇ? ಬಿಳಿ ಪ್ಯಾಂಟ್ ಹಾಕಿಕೊಂಡದ್ದು ತಪ್ಪಾಯಿತು, ಕೊಲ್ಲುವಾಗ ಅಂಥ ಬಟ್ಟೆ ಹಾಕುತ್ತಿರಲಿಲ್ಲ ಅಂತ. ಕೊಂದವನ ಮನಸ್ಸು ನಿಲ್ಲುವುದು ಇಂಥ ಚಿಲ್ಲರೆ ಸಂಗತಿಯ ಮೇಲೆ. ನಿಮ್ಮ ತಮ್ಮನೂ ಕೈ ತೊಳೆದು ಬಂದವನೇ ಮೋಡ ನೋಡಿ, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಗೆ ಟಾರ್ಪಾಲು ಎಳೆಯಲಿ. ಅವನು ಅಳುವುದು ಮಾತ್ರ ಬೇಡ.

---

ಮೂರನೇ ಸಾಲು ಬರೆದದ್ದು:

ಟಾರ್ಪಾಲಿನ ಸಲಹೆಗೆ ಕೈ ಮುಗಿದೆ. ಆದರೆ 'ಫನ್ನಿ ಗೇಮ್ಸ್' ತನ್ನ ಪ್ರೇಕ್ಷಕನಿಗೆ ಪಾಠ ಹೇಳಲು ಹೊರಟ ಚಿತ್ರ, ಹಂತಕರಿಗೆ ಅದರಲ್ಲಿ ಬೇಕೆಂದೇ ಒಳಗು ಇಟ್ಟಿಲ್ಲ. ಇವರ ಚಿತ್ರ ತಮ್ಮನ ಒಳಗಿನ ಬಗ್ಗೆ. ಅವನ ಕೈ ಕಾಣದಿದ್ದರೆ ಅವನ ಪಾಲಿನ ಹೊಣೆಯೂ ಕಾಣುವುದಿಲ್ಲ. ಮೊದಲ ಏಟು ಹುಡುಗಿಯ ಕಿಟಕಿಯಿಂದ ಬರಲಿ, ಎರಡನೆಯದು ಹಿತ್ತಲೊಳಗೆ ಅವನ ಪಕ್ಕದಿಂದ. ಇಷ್ಟಕ್ಕೆ ರಾಜಿ.

---

ಅರ್ಜಿ ನಮೂನೆ ಬರೆದದ್ದು:

ಸೆನ್ಸಾರ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಥಿಯೇಟರಿನಲ್ಲಿ ಸಾರ್ವಜನಿಕ ಪ್ರದರ್ಶನ ಅಂದಮೇಲೆ ಕಿರುಚಿತ್ರಕ್ಕೂ ಸಿಬಿಎಫ್‌ಸಿ (ಸೆನ್ಸಾರ್ ಮಂಡಳಿ) ಪ್ರಮಾಣಪತ್ರ ಬೇಕು. ಅರ್ಜಿ ಇ-ಸಿನೆಪ್ರಮಾಣ್ ಪೋರ್ಟಲ್ ಮೂಲಕ, ಪ್ರಾದೇಶಿಕ ಕಚೇರಿ ಬೆಂಗಳೂರಲ್ಲೇ ಇದೆ. 2024ರ ನಿಯಮಗಳಲ್ಲಿ ಯುಎ ಮೂರಾಗಿದೆ: 7+, 13+, 16+. ನಿಮ್ಮದು ಯುಎ 16+ ಅಥವಾ ಎ ಆಗಬಹುದು. ಯೂಟ್ಯೂಬಿಗೆ ಮಾತ್ರ ಹಾಕುವುದಾದರೆ ಈ ಪ್ರಮಾಣಪತ್ರ ಬೇಕಿಲ್ಲ, ಆದರೆ ರಕ್ತ ಹೆಚ್ಚಿದ್ದರೆ ಅವರೇ ವಯಸ್ಸಿನ ನಿರ್ಬಂಧ ಹಾಕುತ್ತಾರೆ, ಆಗ ನೋಡುವವರು ಕಡಿಮೆಯಾಗುತ್ತಾರೆ. ಥಂಬ್‌ನೇಲ್‌ನಲ್ಲಿ ಕತ್ತಿ, ರಕ್ತ ಬೇಡ.

ನಿಮಗೆ ತೊಡಕಾಗುವುದು ಹುಡುಗಿಯ ವಿಚಾರ. ಮಕ್ಕಳನ್ನು ಹಿಂಸೆಗೆ ಬಲಿಯಾಗಿ, ಹಿಂಸೆ ಮಾಡುವವರಾಗಿ ಅಥವಾ ಬಲವಂತದ ಸಾಕ್ಷಿಯಾಗಿ ಅನಗತ್ಯವಾಗಿ ತೋರಿಸಬಾರದು ಅಂತ ಸೆನ್ಸಾರ್ ಮಾರ್ಗಸೂಚಿಯಲ್ಲೇ ಇದೆ. ಅನಗತ್ಯ ಅಲ್ಲ ಅಂತ ಚಿತ್ರವೇ ಹೇಳಬೇಕು. ಹುಡುಗಿ ಮತ್ತು ರಕ್ತ ಒಂದೇ ಫ್ರೇಮಿನಲ್ಲಿ ಇಲ್ಲದಿದ್ದರೆ ವಾದ ಮಾಡುವುದು ಸುಲಭ.

ಶೂಟಿಂಗಿಗೂ ಮಗುವಿನ ನಿಯಮ ಬೇರೆ ಇದೆ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ, ಅಂದರೆ ಡಿ.ಸಿ. ಕಚೇರಿ, ಅಪ್ಪ-ಅಮ್ಮನ ಒಪ್ಪಿಗೆ ಪತ್ರದ ಸಮೇತ. ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಸಂಭಾವನೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಕೊಟ್ಟಿಗೆಯ ದನವನ್ನು ದೃಶ್ಯದಲ್ಲಿ ಬಳಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಶೂಟಿಂಗಿಗೆ ಮುಂಚೆಯೇ ತೆಗೆದುಕೊಳ್ಳಿ, ಆಮೇಲೆ ಓಡಾಡಿದರೆ ಆಗುವುದಿಲ್ಲ.

ಹುಡುಗಿಯ ಶಾಟ್‌ಗಳನ್ನು ಮೊದಲ ದಿನವೇ, ರಕ್ತದ ಬಾಟಲಿ ಸೆಟ್‌ಗೆ ಬರುವ ಮೊದಲೇ ಮುಗಿಸಿ. ಕಿಟಕಿಯಾಚೆ ಅವಳಿಗೆ ಕಾಣಬೇಕಾದ್ದು ಇಬ್ಬರು ನಟರು ಬಟ್ಟೆ ಒಗೆಯುವುದೋ ಸೌದೆ ಜೋಡಿಸುವುದೋ ಅಷ್ಟೇ ಆಗಿರಲಿ. ಕೊಲೆಯನ್ನು ಕೊನೆಯ ದಿನಕ್ಕೆ ಇಡಿ, ಅಂಗಿ ಮೂರೇ ಇರುವುದು.